ಐನೋರ ಮನೆಯ ವಿಸ್ಕಿ

ಮಧುಗಿರಿಯಲ್ಲಿ ನಾನು ಓವರ್‌ಸಿಯರ್ ಆಗಿದ್ದಾಗ ನನ್ನ ಕಾಲಿಗೆ ಬೀಳದ ಮನುಷ್ಯ ಆ ಊರಿನಲ್ಲಿ ಇರಲಿಲ್ಲ ಎಂದರೆ ಜಂಬ ಎಂದುಕೊಳ್ಳಬೇಡಿ. ಅದು ನನ್ನ ಸಂಕಟದ ಮಾತು. ನಾನು ಹುಟ್ಟಿದ್ದು ಜಂಗಮರ ಮನೆಯಲ್ಲಿ. ನಮ್ಮ ತಾತ ಮುತ್ತಾತಂದಿರು ಊರೂರಿಗೆ ಹೋಗಿ, ಶಿಷ್ಯರ ಮನೆಗಳಲ್ಲಿ ಪಾದಪೂಜೆ ಮಾಡಿಸಿಕೊಂಡು, ತೀರ್ಥ ಪ್ರಸಾದ ಕೊಟ್ಟು ಬರುತ್ತಿದ್ದವರು. ನಾನು ಆ ಕಸುಬು ಬಿಟ್ಟು ನಾಲ್ಕಕ್ಷರ ಇಂಗ್ಲಿಷ್ ಕಲಿತು, ಮಹಾರಾಜರ ಸರ್ಕಾರದಲ್ಲಿ ಕೆರೆ ಏರಿ ಅಳೆಯುವ ಕೆಲಸಕ್ಕೆ ಸೇರಿದೆ. ಕಸುಬು ಬಿಟ್ಟರೂ ಹಣೆಯ ವಿಭೂತಿ ಬಿಡಲಿಲ್ಲ, ಕೊರಳ ಲಿಂಗ ಬಿಡಲಿಲ್ಲ. ಹಾಗಾಗಿ ಜನರೂ ನನ್ನನ್ನು ಬಿಡಲಿಲ್ಲ. ಆಫೀಸಿನಲ್ಲಿ ಓವರ್‌ಸಿಯರ್, ಬೀದಿಗೆ ಬಂದರೆ ಐನೋರು.

ಇದರಿಂದ ಏನು ತೊಂದರೆ ಎಂದು ಕೇಳಬಹುದು. ಹೇಳುತ್ತೇನೆ. ಶಿರಾ, ಕೊರಟಗೆರೆ, ಪಾವಗಡ, ಎಲ್ಲ ಕಡೆಯೂ ನನಗೆ ಕೆರೆ ತೂಬಿನ ಕೆಲಸ ಇರುತ್ತಿತ್ತು. ಎಲ್ಲಿಗೆ ಹೋದರೂ ಒಂದೇ ಕಥೆ. ಏರಿಯ ಮೇಲೆ ಮಣ್ಣು ಹಾಕುವವರು ನಗುತ್ತಾ, ಒಬ್ಬರನ್ನೊಬ್ಬರು ಛೇಡಿಸುತ್ತಾ ಕೂತಿರುತ್ತಿದ್ದರು. ದೂರದಿಂದ ಆ ನಗು ಕೇಳಿ ನಾನು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದೆ. ನಾನು ಮುಟ್ಟುವ ಹೊತ್ತಿಗೆ ಬೀಡಿ ಆರಿರುತ್ತಿತ್ತು, ಎಲ್ಲರೂ ಎದ್ದು ಕೈ ಮುಗಿದು ನಿಂತಿರುತ್ತಿದ್ದರು. ಪಾವಗಡದ ಕಡೆ “ಸ್ವಾಮುಲು ವಚ್ಚಾರು”, ಸ್ವಾಮಿಗಳು ಬಂದರು, ಎಂದು ಯಾರೋ ತೆಲುಗಿನಲ್ಲಿ ಪಿಸುಗುಟ್ಟಿದರೆ ಸಾಕು, ಅಳುತ್ತಿದ್ದ ಮಗು ಕೂಡ ಬಾಯಿ ಮುಚ್ಚುತ್ತಿತ್ತು. ನಾನೇನು ಹುಲಿಯೇ? ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಮಾಡಿದರೆ ಶಾಪ ಎಂದುಕೊಂಡು ಇನ್ನಷ್ಟು ಬಗ್ಗುತ್ತಿದ್ದರು.

ಮನೆಯಲ್ಲಿ ಒಬ್ಬಳಿದ್ದಳು, ನನ್ನನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ನನ್ನ ಹೆಂಡತಿ. “ಏನು ದೊಡ್ಡ ಓವರ್‌ಸಿಯರ್ರು, ಒಂದು ಸೊಪ್ಪು ತರೋಕೆ ಬರಲ್ಲ” ಎಂದು ಬಾಗಿಲಲ್ಲೇ ಶುರುಮಾಡುತ್ತಿದ್ದಳು. ನಾನೂ ಬಿಡುತ್ತಿರಲಿಲ್ಲ. ನಮ್ಮ ಜಗಳ ಒಲೆ ಹಚ್ಚುವುದರಿಂದ ಹಿಡಿದು ದೀಪ ಆರಿಸುವವರೆಗೂ ನಡೆಯುತ್ತಿತ್ತು. ಮಧುಗಿರಿಗೆ ಬಂದ ಮರುವರ್ಷ ವಿಷಮಶೀತ ಜ್ವರ ಬಂದು ತೀರಿಕೊಂಡಳು. ಮಕ್ಕಳಿರಲಿಲ್ಲ. ಆಮೇಲೆ ನಾನೇ ಬೇಯಿಸಿಕೊಂಡು, ನಾನೇ ಬಡಿಸಿಕೊಂಡು, ಉಪ್ಪು ಹೆಚ್ಚಾದರೆ ನಾನೇ ಸುಮ್ಮನೆ ತಿಂದು ಏಳುತ್ತಿದ್ದೆ. ಸಾಯಂಕಾಲ ಆಯಿತೆಂದರೆ ಬೆಟ್ಟದ ನೆರಳು ನಮ್ಮ ಬೀದಿಯ ಮೇಲೆ ಬೀಳುತ್ತಿತ್ತು, ನಾನು ಜಗಲಿಯ ಮೇಲೆ ಕೂತು ಯಾರಾದರೂ ಬಂದಾರೇ ಎಂದು ನೋಡುತ್ತಿದ್ದೆ. ಬರುವವರು ಬರುತ್ತಿದ್ದರು. ಮಗುವಿಗೆ ವಿಭೂತಿ ಹಚ್ಚಿಸಿಕೊಂಡು, ಕಾಲಿಗೆ ಬಿದ್ದು ಹೊರಟುಹೋಗುತ್ತಿದ್ದರು.

ನಮ್ಮ ಬೀದಿಯಲ್ಲೇ ಮೂರು ಮನೆ ಆಚೆಗೆ ಆಸ್ಪತ್ರೆಯ ಡಾಕ್ಟರ ಮನೆ. ಅವರ ಜಗಲಿಯಲ್ಲಿ ದಿನವೂ ಸಂಜೆ ನಾಲ್ಕು ಜನ ಸೇರುತ್ತಿದ್ದರು: ಡಾಕ್ಟರು, ಪೊಲೀಸ್ ಇನ್‌ಸ್ಪೆಕ್ಟರು, ಫಾರೆಸ್ಟ್ ರೇಂಜರು ಮತ್ತು ಪೇಟೆ ಬೀದಿಯ ಒಬ್ಬ ಜವಳಿ ಸಾಹುಕಾರರು. ಇಸ್ಪೀಟು ಆಡುತ್ತಿದ್ದರು, ಕುಡಿಯುತ್ತಿದ್ದರು, ಅದಕ್ಕಿಂತ ಹೆಚ್ಚಾಗಿ ನಗುತ್ತಿದ್ದರು. ಇನ್‌ಸ್ಪೆಕ್ಟರ ನಗು ಗಾಡಿಯಿಂದ ಜಲ್ಲಿ ಸುರಿದ ಹಾಗೆ ಇರುತ್ತಿತ್ತು. ನಾನು ಆ ದಾರಿಯಲ್ಲಿ ಹೋದರೆ ಡಾಕ್ಟರು ಎದ್ದು “ಶರಣಾರ್ಥಿ ಸ್ವಾಮಿ” ಎನ್ನುತ್ತಿದ್ದರು, ರೇಂಜರು ಲೋಟವನ್ನು ಬೆನ್ನ ಹಿಂದೆ ಹಿಡಿಯುತ್ತಿದ್ದರು. ಬನ್ನಿ ಕೂತುಕೊಳ್ಳಿ ಎಂದು ಮಾತ್ರ ಒಬ್ಬರೂ ಹೇಳುತ್ತಿರಲಿಲ್ಲ. ಅದು ಅಸಡ್ಡೆಯಿಂದ ಆಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ನನ್ನ ಮೇಲಿನ ಗೌರವದಿಂದಲೇ ಕರೆಯುತ್ತಿರಲಿಲ್ಲ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲು ನನ್ನ ಕೆಲಸ ಖಾಯಂ ಆಯಿತು. ಖಾಯಂ ಆದವರು, ಬಡ್ತಿ ಸಿಕ್ಕವರು ಉಳಿದವರಿಗೆ ಪಾರ್ಟಿ ಕೊಡುವುದು ಆ ನಾಲ್ವರ ನಡುವೆ ನಡೆದುಬಂದ ಪದ್ಧತಿ. ರೇಂಜರು ಕೊಟ್ಟಿದ್ದರು, ಇನ್‌ಸ್ಪೆಕ್ಟರು ಎರಡು ಸಲ ಕೊಟ್ಟಿದ್ದರು. ನನ್ನ ಸುದ್ದಿ ಊರಿಗೆ ಗೊತ್ತಾದರೂ ನನ್ನನ್ನು ಯಾರೂ ಪಾರ್ಟಿ ಕೇಳಲಿಲ್ಲ. ಡಾಕ್ಟರ ಜಗಲಿಯಲ್ಲಿ ಇನ್‌ಸ್ಪೆಕ್ಟರು, “ಐನೋರ್ನ ಕೇಳುದ್ರೆ ಪಾನಕ ಕೊಟ್ಟಾರು ಬುಡಿ” ಎಂದದ್ದು, ಎಲ್ಲರೂ ನಕ್ಕದ್ದು ನನ್ನ ಕಿವಿಗೆ ಬಿತ್ತು. ನನಗೆ ಆ ನಗುವಿನಿಂದ ಬೇಸರವಾಗಲಿಲ್ಲ, ಖುಷಿಯಾಯಿತು. ನನ್ನ ಹೆಸರಿನಲ್ಲಿ ನಕ್ಕರಲ್ಲ! ಹಾಗಾದರೆ ಎದುರಿಗೂ ನಗಬಹುದು. ಪಾನಕ ಕೊಟ್ಟರೆ ತೀರ್ಥ ತೆಗೆದುಕೊಂಡ ಹಾಗೆ ತೆಗೆದುಕೊಂಡು ಹೋಗುತ್ತಾರೆ. ವಿಸ್ಕಿಯೇ ಇಟ್ಟರೆ ಕೂರಲೇಬೇಕು. ಒಂದು ಸಂಜೆ ನನ್ನ ಮನೆಯಲ್ಲಿ ನಾಲ್ಕು ಜನ ಕೂತು, ನನ್ನನ್ನೂ ತಮ್ಮಲ್ಲಿ ಒಬ್ಬನೆಂದು ಮಾತಾಡಿಸಿದರೆ ಆಮೇಲೆ ಡಾಕ್ಟರ ಜಗಲಿಯಲ್ಲಿ ನನಗೂ ಒಂದು ಜಾಗ ಆಗುತ್ತದೆ. ನನ್ನ ಲೆಕ್ಕಾಚಾರ ಇಷ್ಟೇ.

ಜಂಗಮನಾಗಿ ಹೆಂಡದ ಬಾಟಲಿ ಮನೆಗೆ ತರುವುದೇ ಎಂದು ನೀವು ಕೇಳುವ ಮೊದಲು ನಾನೇ ಕೇಳಿಕೊಂಡಿದ್ದೆ. ಒಬ್ಬನೇ ಉಂಡು ಒಬ್ಬನೇ ಏಳುವ ಮನೆಯಲ್ಲಿ ಅಂಥ ಪ್ರಶ್ನೆಗಳು ಬಹಳ ಹೊತ್ತು ನಿಲ್ಲುವುದಿಲ್ಲ.

ಆದರೆ ಯಾವ ವಿಸ್ಕಿ? ನನಗೆ ಆ ವಿಷಯದಲ್ಲಿ ಅ ಆ ಇ ಈ ಗೊತ್ತಿರಲಿಲ್ಲ. ದೊಡ್ಡ ಎಂಜಿನಿಯರು ಕುಡಿಯುವಂಥದ್ದು ನನ್ನ ಕೈಗೆ ಎಟುಕುವುದಿಲ್ಲ ಎಂಬುದಷ್ಟೇ ಗೊತ್ತು. ಶಿರಾ ರಸ್ತೆಯಲ್ಲಿ ನಮ್ಮ ಇಲಾಖೆಯ ರೋಡ್ ರೋಲರ್ ಓಡಿಸುತ್ತಿದ್ದ ಸಾಬರೊಬ್ಬರಿದ್ದರು, ಊರೂರು ತಿರುಗಿದವರು. ಅವರನ್ನು ಪಕ್ಕಕ್ಕೆ ಕರೆದು, “ನಮ್ಮ ಕಡೆಯವರೊಬ್ಬರು ಕೇಳ್ತಿದ್ದರು, ನಾಲ್ಕು ಜನ ದೊಡ್ಡ ಮನುಷ್ಯರಿಗೆ ಕೊಡೋಕೆ ಕಡಿಮೆ ಬೆಲೆಯಲ್ಲಿ ಒಳ್ಳೆ ವಿಸ್ಕಿ ಯಾವುದು?” ಎಂದೆ. ಸಾಬರು ಕಿವಿ ಮುಟ್ಟಿಕೊಂಡು, “ತೋಬಾ ತೋಬಾ, ಏನು ಮಾತು ಸ್ವಾಮಿ ಇದು! ನನ್ಗೆ ಹೆಂಗೆ ಗೊತ್ತಾಯ್ತದೆ?” ಎಂದರು. ಸ್ವಲ್ಪ ಹೊತ್ತು ರೋಲರಿಗೆ ನೀರು ಹಾಕಿ, ತಿರುಗಿ ಬಂದು, “ಅವ್ರಿಗೆ ಹೇಳಿ, ಬಹುತ್ ಸಸ್ತಾ ತಗೋಬೇಡಿ ಅಂತ. ಬೆಳಿಗ್ಗೆ ತಲೆ ಎತ್ತಕ್ಕಾಗಲ್ಲ” ಎಂದು ಹೇಳಿ ಮತ್ತೆ ಕಿವಿ ಮುಟ್ಟಿಕೊಂಡರು. ಅವರಿಗೆ ಇನ್ನೂ ಗೊತ್ತಿತ್ತು ಎಂದು ನನ್ನ ಗುಮಾನಿ. ಐನೋರ ಮುಂದೆ ಸಾಬರೂ ಬಾಯಿ ಬಿಡಲಿಲ್ಲ.

ಮಧುಗಿರಿಯಲ್ಲಿ ಕೊಳ್ಳುವುದು ಆಗದ ಮಾತು. ಒಂದು ಭಾನುವಾರ ಬಸ್ಸು ಹತ್ತಿ ತುಮಕೂರಿಗೆ ಹೋದೆ. ಹೊರಡುವ ಮುಂಚೆ ಕನ್ನಡಿಯ ಮುಂದೆ ನಿಂತು ವಿಭೂತಿ ಅಳಿಸಲೇ ಎಂದು ಯೋಚಿಸಿದೆ. ಕೈ ಹಣೆಯವರೆಗೂ ಹೋಯಿತು, ಆದರೆ ಅಳಿಸಲಿಲ್ಲ. ತುಮಕೂರಿನಲ್ಲಿ ಸೀಮೆ ಸಾರಾಯಿ ಮಾರುವ ಅಂಗಡಿಯೊಂದು ಪೇಟೆಯ ಕೊನೆಯಲ್ಲಿತ್ತು. ಅದರ ಮುಂದೆ ಆ ಕಡೆ ಈ ಕಡೆ ಓಡಾಡಿ, ಬೀದಿ ಖಾಲಿಯಾದಾಗ ಒಳಗೆ ನುಗ್ಗಿದೆ. ಕನ್ನಡಕ ಹಾಕಿದ್ದ ಅಂಗಡಿಯವರು ನನ್ನನ್ನು ನೋಡಿ ಎದ್ದು ನಿಂತು, ಗಲ್ಲಾಪೆಟ್ಟಿಗೆಯಿಂದ ಕಾಸು ತೆಗೆದು ನನ್ನ ಕಡೆ ಚಾಚಿದರು. ಭಿಕ್ಷಕ್ಕೆ ಬಂದಿದ್ದೇನೆ ಎಂದುಕೊಂಡಿದ್ದರು.

“ಕಾಸು ಬೇಡ ಸ್ವಾಮಿ, ವಿಸ್ಕಿ ಬೇಕು” ಎಂದೆ. ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು. ಅವರು ಕಾಸನ್ನು ಮೆಲ್ಲಗೆ ಪೆಟ್ಟಿಗೆಗೆ ಹಾಕಿ, ಏನೂ ಆಗದವರಂತೆ ಮೂರು ಬಾಟಲಿ ತಂದು ಸಾಲಾಗಿ ಇಟ್ಟರು. ಒಂದು ವಿಲಾಯಿತಿಯಿಂದಲೇ ಬಂದದ್ದು, ದೊರೆಗಳು ಕುಡಿಯುವುದು. ಇನ್ನೊಂದು ತೀರ ಅಗ್ಗದ್ದು, ಚೀಟಿ ಕೂಡ ಸರಿಯಾಗಿ ಅಂಟಿರಲಿಲ್ಲ. ಮೂರನೆಯದು ಇವೆರಡರ ನಡುವಿನದು, ಅದರ ಚೀಟಿಯ ಮೇಲೆ ಬೆಟ್ಟದ ಮೇಲಿನ ಕೋಟೆಯ ಚಿತ್ರ ಇತ್ತು. ನಾನು ತುಪ್ಪ ನೋಡುವ ಹಾಗೆ ಬಾಟಲಿಯನ್ನು ಬೆಳಕಿಗೆ ಹಿಡಿದೆ, ಅಲುಗಾಡಿಸಿದೆ, ಬಿರಡೆ ಮೂಸಿದೆ. ಆಮೇಲೆ ತಿಳಿದವನಂತೆ, “ಹಳೇ ಮಾಲು ಬೇಡ, ಈ ವರ್ಷದ್ದು ಹೊಸದು ಕೊಡಿ” ಎಂದೆ.

ಅಂಗಡಿಯವರ ಮುಖ ನೋಡಬೇಕಿತ್ತು. “ಇದು ಹಳೇದಾದಷ್ಟೂ ಬೆಲೆ ಜಾಸ್ತಿ ಸ್ವಾಮಿ” ಎಂದರು. ಉಳಿದುಹೋದ ಮಾಲನ್ನು ದಾಟಿಸಲು ಹೇಳುವ ಮಾತು ಇದು ಎಂದುಕೊಂಡು ನಾನು ರೇಗಿದೆ. ಅವರು ಪಾಪ, ನಗುವುದೋ ಕೈ ಮುಗಿಯುವುದೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದರು.

ಕೊನೆಗೆ ಕೋಟೆಯ ಚಿತ್ರದ್ದನ್ನೇ ಆರಿಸಿದೆ. ಯೋಚಿಸಿಯೇ ಆರಿಸಿದೆ. ದುಬಾರಿಯದನ್ನು ಒಯ್ದರೆ ಖಾಯಂ ಆದ ಮದ ಎನ್ನುತ್ತಾರೆ, ಅಗ್ಗದ್ದನ್ನು ಒಯ್ದರೆ ಜಿಪುಣ ಎನ್ನುತ್ತಾರೆ. ಮದುವೆಯಲ್ಲಿ ಹತ್ತಿರದವರೂ ಅಲ್ಲದ, ದೂರದವರೂ ಅಲ್ಲದ ನೆಂಟರಿಗೆ ಕೊಡುವ ಪಂಚೆ ಇರುತ್ತದಲ್ಲ, ಹಾಗೆ ಇದು. ಕೊಟ್ಟವನಿಗೂ ಭಾರವಿಲ್ಲ, ಉಟ್ಟವನಿಗೂ ಅವಮಾನವಿಲ್ಲ. ರುಚಿ ಹೇಗೋ ಏನೋ. ಅದನ್ನು ಡಾಕ್ಟರು ಹೇಳುತ್ತಾರೆ, ಬೇಕಾದರೆ ಬಯ್ಯಲಿ ಎಂದುಕೊಂಡೆ. ಬಯ್ದರೆ ಏನು ಉತ್ತರ ಕೊಡಬೇಕೆಂದು ಬಸ್ಸಿನಲ್ಲಿ ಕೂತು ಯೋಚಿಸುತ್ತಾ ಬಂದೆ, ಒಬ್ಬನೇ ನಗುತ್ತಿದ್ದೆ.

ಬಾಟಲಿ ನನ್ನ ಜೋಳಿಗೆಯಲ್ಲಿತ್ತು, ಮಡಿ ಪಂಚೆಯಲ್ಲಿ ಸುತ್ತಿದ್ದೆ. ಕೊರಟಗೆರೆಯಲ್ಲಿ ಒಬ್ಬ ಅಜ್ಜಿ ಹತ್ತಿ ನನ್ನ ಪಕ್ಕದಲ್ಲಿ ನಿಂತಳು. ಎದ್ದು ಜಾಗ ಕೊಟ್ಟರೆ “ಅಯ್ಯೋ ಬ್ಯಾಡಿ ಬುದ್ಧಿ, ಪಾಪ ಬತ್ತದೆ” ಎಂದು ಕೆಳಗೇ ಕೂತಳು. ಇಳಿಯುವಾಗ ತನ್ನ ಮಡಿಲಿನಿಂದ ಒಂದು ತೆಂಗಿನಕಾಯಿ ತೆಗೆದು, “ನಮ್ಮನೇದು, ಜೋಳ್ಗೆಗಾಕ್ಕಳಿ ಬುದ್ಧಿ” ಎಂದು ತಾನೇ ಇಳಿಬಿಟ್ಟಳು. ಒಳಗೆ ಠಣ್ ಎಂದಿತು. ಅಜ್ಜಿ ಆ ಜೋಳಿಗೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಮನೆಗೆ ಬಂದು ಬಿಚ್ಚಿ ನೋಡಿದೆ, ಬಾಟಲಿಗೆ ಏನೂ ಆಗಿರಲಿಲ್ಲ.

ಪಾರ್ಟಿಗೆ ಕರೆಯಲು ನಾನೇ ನಾಲ್ಕೂ ಮನೆಗೆ ಹೋದೆ. ಏನು ಕೊಡುತ್ತೇನೆ ಎಂದು ಹೇಳಲಿಲ್ಲ. ಎಲ್ಲರೂ “ತಮ್ಮ ಅಪ್ಪಣೆ” ಎಂದರು. ಆ ದಿನ ಬೆಳಗಿನಿಂದ ಮನೆಯಲ್ಲಿ ಹಬ್ಬದ ಗಡಿಬಿಡಿ, ಆದರೆ ಗಡಿಬಿಡಿ ಮಾಡುವವನು ನಾನೊಬ್ಬನೇ. ಕೋಡುಬಳೆ ಕರಿದೆ, ಕಡಲೆಕಾಯಿ ಬೀಜಕ್ಕೆ ಒಗ್ಗರಣೆ ಹಾಕಿದೆ. ಆಫೀಸಿನಿಂದ ಕುರ್ಚಿ ಹೊರಿಸಿ ತಂದೆ. ಶಿರಾದ ಅಂಗಡಿಯಿಂದ ಗಾಜಿನ ಲೋಟ ತಂದಿದ್ದೆ, ಅವನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಆಮೇಲೆ ಗಾಜಿಗೆ ಹುಣಸೆಹಣ್ಣು ಬೇಡವೆಂದು ಹೊಳೆದು ಮತ್ತೆ ತೊಳೆದೆ. ಗೋಲಿ ಸೋಡಾ ನೀರಿನ ತೊಟ್ಟಿಯಲ್ಲಿ ತಣ್ಣಗೆ ಕೂತಿತ್ತು. ನಾನು ಕುಡಿಯುವವನಲ್ಲ. ಆದರೆ ಬರಿಗೈಯಲ್ಲಿ ಎದುರಿಗೆ ಕೂತರೆ ಅವರಿಗೆ ಮುಜುಗರ ಆದೀತೆಂದು ಬೆಲ್ಲ ಕರಗಿಸಿ, ಸೋಸಿ, ಬಾಟಲಿಯ ಬಣ್ಣಕ್ಕೆ ಸರಿಯಾಗುವವರೆಗೆ ನೀರು ಬೆರೆಸಿ ನನ್ನ ಲೋಟ ತುಂಬಿಟ್ಟುಕೊಂಡೆ.

ದೀಪ ಹಚ್ಚುವ ಹೊತ್ತಿಗೆ ನಾಲ್ವರೂ ಒಟ್ಟಿಗೆ ಬಂದರು. ಜೋಡು ಬೀದಿಯಲ್ಲೇ ಬಿಟ್ಟು, ಕಾಲು ತೊಳೆದುಕೊಂಡು, ಒಬ್ಬೊಬ್ಬರಾಗಿ ನನ್ನ ಕಾಲು ಮುಟ್ಟಿದರು. ಸಾಹುಕಾರರು ತಟ್ಟೆಯಲ್ಲಿ ಹಣ್ಣು, ತೆಂಗಿನಕಾಯಿ, ವೀಳ್ಯದೆಲೆ ತಂದು ನನ್ನ ಮುಂದಿಟ್ಟರು. ಅವರ ಮನೆಯವರು ತಲೆತಲಾಂತರದಿಂದ ಜಂಗಮರಿಗೆ ನಡೆದುಕೊಳ್ಳುವವರು. ಕುರ್ಚಿ ತೋರಿಸಿದರೆ ಯಾರೂ ಕೂರಲೊಲ್ಲರು, ಚಾಪೆಯ ಮೇಲೆ ಕೂತರು. ಇನ್‌ಸ್ಪೆಕ್ಟರು ಕೂಡ ಆ ದೊಡ್ಡ ಮೈಯನ್ನು ಮಡಿಸಿಕೊಂಡು, ಶಾಲೆಯ ಹುಡುಗನ ಹಾಗೆ ಕೈ ಕಟ್ಟಿ ಕೂತಿದ್ದರು. ಮಳೆ ಬರಲಿಲ್ಲ ಎಂದೆ. ಹೌದು ಸ್ವಾಮಿ ಎಂದರು. ಬಂದರೂ ಬರಬಹುದು ಎಂದೆ. ಅದಕ್ಕೂ ಹೌದು ಎಂದರು.

ಇನ್ನು ತಡಮಾಡಿದರೆ ಕೆಟ್ಟೆನೆಂದು ಒಳಗೆ ಹೋಗಿ ಬಾಟಲಿ ತಂದು ನಡುವೆ ಇಟ್ಟೆ. ರೇಂಜರು ಡಾಕ್ಟರ ಮುಖ ನೋಡಿದರು, ಡಾಕ್ಟರು ಇನ್‌ಸ್ಪೆಕ್ಟರ ಮುಖ ನೋಡಿದರು. ಇನ್‌ಸ್ಪೆಕ್ಟರ ತುಟಿಯ ಕೊನೆಯಲ್ಲಿ ಒಂದು ನಗು ಹುಟ್ಟುತ್ತಾ ಇತ್ತು, ನಾನು ಕಂಡೆ. ಇನ್ನೊಂದು ಗಳಿಗೆ ಹೋಗಿದ್ದರೆ ಆ ಜಲ್ಲಿ ಸುರಿಯುತ್ತಿತ್ತು, ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಾನು ಬಿರಡೆ ತೆಗೆದು ಲೋಟಕ್ಕೆ ಕೈ ಚಾಚಿದೆ.

ಅಷ್ಟರಲ್ಲಿ ಸಾಹುಕಾರರು ಎದ್ದರು. ಹೆಗಲ ಮೇಲಿದ್ದ ವಲ್ಲಿಯನ್ನು ತೆಗೆದು ಸೊಂಟಕ್ಕೆ ಕಟ್ಟಿದರು. ನನ್ನೆದುರಿಗೆ ಬಗ್ಗಿ, ಎಡಗೈಯ ಮೇಲೆ ಬಲಗೈ ಇಟ್ಟು, ಬೊಗಸೆ ಒಡ್ಡಿದರು. ಜಂಗಮನ ಕೈಯಿಂದ ಏನು ಬಂದರೂ ತೀರ್ಥ ಎಂದು ಅವರ ತಾಯಿ ಕಲಿಸಿದ್ದು. ಅವರ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಏನು ಮಾಡಲಿ? ಒಂದು ತೊಟ್ಟು ಬಿಟ್ಟೆ. ಅವರು ಶಬ್ದವಾಗದಂತೆ ಕುಡಿದು, ಒದ್ದೆ ಕೈಯನ್ನು ಕಣ್ಣಿಗೆ ಒತ್ತಿ ತಲೆಗೆ ಸವರಿಕೊಂಡರು. ಕಣ್ಣು ಉರಿದಿರಬೇಕು, ನೀರು ಬಂತು. ಅದನ್ನೂ ಭಕ್ತಿಯೆಂದುಕೊಂಡರೇನೋ, ಡಾಕ್ಟರು ಎದ್ದು ಕೈಯೊಡ್ಡಿದರು. ರೇಂಜರು ಎದ್ದರು. ಕೊನೆಗೆ ಇನ್‌ಸ್ಪೆಕ್ಟರೂ ಟೋಪಿ ತೆಗೆದು ಪಕ್ಕಕ್ಕಿಟ್ಟು ಕೈಯೊಡ್ಡಿದರು. ಅವರ ತುಟಿಯ ಮೇಲೆ ಆಗ ಏನೂ ಇರಲಿಲ್ಲ.

“ಏನಿದು ಸಾಹುಕಾರ್ರೇ!” ಎಂದು ನಾನು ಕೂಗಿಯೇಬಿಟ್ಟೆ. “ಲೋಟ ಇದೆ, ಸೋಡಾ ಇದೆ. ಕೂತ್ಕೊಂಡು ಕುಡೀರಿ. ನಿಮ್ಮ ನಿಮ್ಮಲ್ಲಿ ಹೆಂಗೆ ಮಾತಾಡ್ತೀರೋ ಹಂಗೇ ಮಾತಾಡಿ. ನಾನೇನು ಮಠ ನಡೆಸ್ತಿದ್ದೀನಾ ಇಲ್ಲಿ?”

ನನ್ನ ಸಿಟ್ಟಿಗೆ ಅವರು ಹೆದರಿದರು. ಮೂಲೆಗೆ ಸರಿದು ಗುಸುಗುಸು ಮಾತಾಡಿಕೊಂಡರು. ಆಮೇಲೆ ಸಾಹುಕಾರರು ಮುಂದೆ ಬಂದು ಕೈ ಮುಗಿದು, “ತಪ್ಪು ತಿಳ್ಕಬ್ಯಾಡಿ ಬುದ್ಧಿ. ನಮ್ಮ ಆಸೆಗೆ ಅಂತ ಇಂಥದ್ನ ಮನೆಯೊಳೀಕೆ ತಂದ್ಬುಟ್ರಲ್ಲ, ಆ ಪಾಪ ನಮಗೇ ಸುತ್ತಿಕೊಳ್ಳೋದು. ಇದು ಇಲ್ಲಿರಬಾರ್ದು. ನಾವೇ ತಗಂಡೋಯ್ತೀವಿ, ಅಪ್ಪಣೆ ಕೊಡಿ” ಎಂದರು.

“ತಗೊಂಡು ಹೋಗಿ” ಎನ್ನದೆ ಬೇರೆ ಏನು ಹೇಳಲಿ? ಬಾಟಲಿ ಹೋಯಿತು. ಅದಕ್ಕೆಂದೇ ಇಟ್ಟದ್ದೆಂದು ಅವರ ಲೋಟಗಳೂ ಹೋದವು, ಸೋಡಾ ಹೋಯಿತು, ನಾನು ಕೊಟ್ಟದ್ದನ್ನು ಬಿಟ್ಟು ಹೋಗಬಾರದೆಂದು ಕೋಡುಬಳೆಯ ಗಂಟೂ ಹೋಯಿತು. ಮತ್ತೆ ಎಲ್ಲರೂ ಕಾಲು ಮುಟ್ಟಿ ಹೊರಟರು. ಖಾಲಿ ಕುರ್ಚಿಗಳ ನಡುವೆ ನಾನು ಬೆಲ್ಲದ ನೀರು ಕುಡಿಯುತ್ತಾ ಕೂತೆ. ಹೆಂಡತಿ ಇದ್ದಿದ್ದರೆ ಈ ಹೊತ್ತಿಗೆ ನನ್ನ ಜನ್ಮ ಜಾಲಾಡುತ್ತಿದ್ದಳು. ಅವಳನ್ನು ನೆನೆದು ನನಗೆ ಅಳು ಬಂತು. ಅಳುವುದನ್ನು ನೋಡುವವರು ಯಾರೂ ಇಲ್ಲದ್ದರಿಂದ ಚೆನ್ನಾಗಿಯೇ ಅತ್ತೆ.

ಸ್ವಲ್ಪ ಹೊತ್ತಿಗೆ ಡಾಕ್ಟರ ಜಗಲಿಯಿಂದ ಇನ್‌ಸ್ಪೆಕ್ಟರ ನಗು ಕೇಳಿತು. ಅದರ ಹಿಂದೆ ಮಿಕ್ಕವರದ್ದು. ಸಾಹುಕಾರರೂ ನಗುತ್ತಿದ್ದರು, ಅವರ ನಗು ಕೀರಲು. ನನ್ನನ್ನು ಆಡಿಕೊಳ್ಳುತ್ತಿರಲಿಲ್ಲ, ಅದು ಖಂಡಿತ. ಸುಮ್ಮನೆ ನಾಲ್ಕು ಜನ ಕೂತಾಗ ಬರುವ ನಗು. ನನ್ನ ವಿಸ್ಕಿ ಕುಡಿದು, ನನ್ನ ಕೋಡುಬಳೆ ತಿಂದು ನಗುತ್ತಿದ್ದರು. ಹೇಗಿದೆಯೋ ಏನೋ ನಾನು ಆರಿಸಿದ್ದು. ಅದನ್ನು ಕೇಳುವುದಕ್ಕಾದರೂ ಹೋಗಬಹುದಲ್ಲ ಎಂದು ಮುಖ ತೊಳೆದುಕೊಂಡು ಎದ್ದೆ.

ನಾನು ಮೆಟ್ಟಿಲ ಮೇಲೆ ಕಾಲಿಡುವುದಕ್ಕೂ ಅವರು ದಡಬಡನೆ ಏಳುವುದಕ್ಕೂ ಸರಿಹೋಯಿತು. ಇಸ್ಪೀಟೆಲೆ ಕೆಳಗೆ ಬಿದ್ದು ಚೆಲ್ಲಾಡಿತು. ನಾಲ್ಕು ಲೋಟ ನಾಲ್ಕು ಬೆನ್ನ ಹಿಂದೆ ಹೋದವು.

“ಹೇಗಿತ್ತು ಡಾಕ್ಟ್ರೇ, ಚೆನ್ನಾಗಿತ್ತೋ ಇಲ್ಲವೋ?” ಎಂದೆ. “ನನಗೆ ಆರಿಸೋಕೆ ಬರಲ್ಲ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅನ್ನಿ.”

ಡಾಕ್ಟರು ತಲೆ ತಗ್ಗಿಸಿ, “ಎಲ್ಲಾ ತಮ್ಮ ಆಶೀರ್ವಾದ ಸ್ವಾಮಿ” ಎಂದರು.

ಇನ್‌ಸ್ಪೆಕ್ಟರ ಕಡೆ ನೋಡಿದೆ. “ತಮ್ಮ ಆಶೀರ್ವಾದ” ಎಂದರು ಅವರೂ. ಜಗಲಿಯ ಮೇಲೆ ಅವರು ಆಗತಾನೇ ಎದ್ದ ಜಾಗ ಖಾಲಿ ಇತ್ತು, ನಾನು ಕೂರಬಹುದಿತ್ತು. ಕೂತರೆ ಅವರು ಆ ಸಂಜೆಯೆಲ್ಲಾ ಹಾಗೇ, ಬೆನ್ನ ಹಿಂದೆ ಕೈ ಇಟ್ಟುಕೊಂಡು ನಿಂತಿರುತ್ತಿದ್ದರು. ರೇಂಜರ ಲೋಟ ವಾಲಿ, ಕೋಟೆಯ ಚಿತ್ರದ ಆ ವಿಸ್ಕಿ ಅವರ ಹಿಮ್ಮಡಿಯ ಹತ್ತಿರ ತೊಟ್ಟಿಕ್ಕುತ್ತಿತ್ತು. “ಕೂತ್ಕೊಳ್ಳಿ, ಕೂತ್ಕೊಳ್ಳಿ” ಎಂದೆ. ಅವರು ಕೂರಲಿ ಎಂದು ನಾನು ಮೆಟ್ಟಿಲಿಳಿದೆ.